ಒಣಗಿದ ತೆಂಗು, ಉರುಳಿದ ಬೇವು, ಹೊಸ ಕೊಟ್ಟಿಗೆ

ಬೋರು ಬತ್ತಿ ತೋಟ ಒಣಗಿತು ಅಂದರೆ ಮೊದಲು ಬಾಗಿಲಿಗೆ ಬರುವವರು ಸೌದೆ ವ್ಯಾಪಾರಿಗಳು. ಹೊಸದುರ್ಗ ಸೀಮೆಯಲ್ಲಿ ತೆಂಗು ಇಟ್ಟುಕೊಂಡ ಎಲ್ಲರಿಗೂ ಇದು ಗೊತ್ತು. ಐವತ್ತು ವರ್ಷ ಕಾಯಿ ಕೊಟ್ಟ ಮರವನ್ನು ಇಟ್ಟಿಗೆ ಭಟ್ಟಿಗೆ ಅಂತ ಬಾಯಿಗೆ ಬಂದ ರೇಟಿಗೆ ಕೇಳುತ್ತಾರೆ. ಒಣಗಿ ನಿಂತದ್ದನ್ನು ದಿನಾ ನೋಡಲಾರದೆ ನಾವೂ ಹೂಂ ಅಂದುಬಿಡುತ್ತೇವೆ. ಹಾಗೆ ಕೊಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಕಡಿದು, ಮರದ ಯಾವ ಭಾಗ ಯಾವುದಕ್ಕೆ ಅಂತ ನೋಡಿ ಕೊಯ್ದರೆ ಅದೇ ಮರ ಭಾರ ಹೊರುವ ತೊಲೆ, ಅದೇ ಅದರ ಮೇಲಿನ ಜಂತೆ, ಅದೇ ಹೆಂಚು ಕೂರುವ ರೀಪು. ನಮ್ಮ ದನದ ಕೊಟ್ಟಿಗೆಯ ಚಾವಣಿ ಪೂರ್ತಿ ನಿಂತಿರುವುದು ನಮ್ಮದೇ ತೋಟದ ಒಣಗಿದ ತೆಂಗಿನ ಮೇಲೆ. ಕೊಯ್ದದ್ದು ತೋಟದಲ್ಲೇ, ನಾವೇ.

ಮಾರಿಕಣಿವೆ ಅಣೆಕಟ್ಟು (ವಾಣಿ ವಿಲಾಸ ಸಾಗರ) 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, 2022ರಲ್ಲಿ, ಆ ಮಳೆಗಾಲದಲ್ಲೇ ನಮ್ಮ ಹಳೇ ದನದ ಮನೆ ಕೂತದ್ದು. ಮಣ್ಣಿನ ಮಾಳಿಗೆ, ತಾತನ ಕಾಲದ್ದು. ನೀರು ಕುಡಿದು ಕುಡಿದು ಭಾರವಾಗಿ ಒಂದು ಮಧ್ಯಾಹ್ನ ಒಂದು ಅಂಕಣ ಪೂರ್ತಿ ಕೆಳಗಿಳಿಯಿತು. ದನ ಮೇಯಲು ಹೋಗಿದ್ದವು, ಜೀವಕ್ಕೇನೂ ಆಗಲಿಲ್ಲ. ಆಮೇಲೆ ತಗಡಿನ ಚಪ್ಪರ ಹಾಕಿ ಕಟ್ಟಿದೆವು. ಏಪ್ರಿಲ್ ಬಿಸಿಲಿಗೆ ಆ ತಗಡಿನ ಕೆಳಗೆ ಎಮ್ಮೆಗಳು ಏದುಸಿರು ಬಿಡುತ್ತಾ ನಿಲ್ಲುವುದನ್ನು ನೋಡಿದವರಿಗೇ ಗೊತ್ತು ಆ ಸಂಕಟ. ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಬೋರು 2024ರ ಬೇಸಿಗೆಯಲ್ಲಿ ಪೂರ್ತಿ ನಿಂತಿತು. ಟ್ಯಾಂಕರ್ ನೀರು ಎಳೇ ಗಿಡಗಳಿಗೆ ಸಾಕಾಯಿತೇ ಹೊರತು ಅಪ್ಪ ನೆಟ್ಟ ಮೇಲಿನ ಸಾಲಿಗೆ ಸಾಲಲಿಲ್ಲ. ಗರಿ ಜೋತು, ಸುಳಿ ಬಾಡಿ, ಒಂದೊಂದೇ ಹೋದವು. ಅದೇ ವರ್ಷ ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಬದುವಿನ ಮೇಲಿದ್ದ ದೊಡ್ಡ ಬೇವು ಬುಡಸಮೇತ ಉರುಳಿತು.

ನಿಂತಿದ್ದ ಬೇವಿಗೆ ಕೊಡಲಿ ಹಾಕಲು ಅವ್ವ ಜನ್ಮದಲ್ಲಿ ಒಪ್ಪುತ್ತಿರಲಿಲ್ಲ. ಮಾರಮ್ಮನ ಮರ ಅದು, ಬುಡದಲ್ಲಿ ಅರಿಶಿನ ಕುಂಕುಮ ಇಟ್ಟು ಬಂದವಳು. ತಾನಾಗಿ ಬಿದ್ದದ್ದು ನೋಡಿ, ಎಡೆ ಮಾಡಿ, "ದನಿನ ಮನೆಗೇ ಆಗ್ಲಿ ಬಿಡಪ್ಪ, ಒಲೆಗೆ ಮಾತ್ರ ಹಾಕ್ಬ್ಯಾಡ" ಅಂದಳು. ಅಲ್ಲಿಂದ ಕೆಲಸ ಶುರುವಾಯಿತು.

ನಮ್ಮೂರಿನ ಆಚಾರಜ್ಜನನ್ನು ಕರೆದುಕೊಂಡು ಬಂದೆ. ವಯಸ್ಸು ಎಪ್ಪತ್ತು ದಾಟಿದೆ. ಇಬ್ಬರು ನಿಂತು ಎಳೆಯುವ ದೊಡ್ಡ ಗರಗಸದಲ್ಲಿ ಮರ ಕೊಯ್ದವರು, ಮೇಲೊಬ್ಬ ಕೆಳಗೊಬ್ಬ. ತೋಟದಲ್ಲಿ ಸುತ್ತುತ್ತಾ ಪ್ರತಿ ಒಣ ತೆಂಗಿಗೂ ಕೊಡಲಿಯ ಹಿಂಬದಿಯಲ್ಲಿ ಬಡಿದು ಕಿವಿಗೊಟ್ಟರು. ಬುಡದಲ್ಲಿ, ಎದೆಮಟ್ಟದಲ್ಲಿ, ಕೈಗೆ ಎಟುಕಿದಷ್ಟು ಮೇಲೆ. ಠಣ್ ಅಂದದ್ದಕ್ಕೆ ಸುಣ್ಣದ ಗೆರೆ. ದೊಪ್ ಅಂದದ್ದನ್ನು ಬಿಟ್ಟು ಮುಂದೆ ನಡೆದರು.

"ಸುಳಿ ಬಿದ್ದು ಎಷ್ಟು ದಿನ ಆತು ತಮ್ಮ?"

"ಈ ಬೇಸಿಗೇಲೇ ಅಜ್ಜ."

"ಹಂಗಾರೆ ತಡ ಮಾಡ್ಬ್ಯಾಡ. ಎಲ್ಡು ವರ್ಸ ಬಿಟ್ಟಿದ್ರೆ ನಾನು ಬರಾ ಕೆಲ್ಸಾನೇ ಇರ್ಲಿಲ್ಲ."

ಸತ್ತ ತೆಂಗು ಮೇಲಿನಿಂದ ಕೊಳೆಯುತ್ತಾ ಬರುತ್ತದೆ. ಸುಳಿಯಲ್ಲಿ ನೀರು ನಿಂತು, ದುಂಬಿ ಹೊಕ್ಕು, ಕೊಳೆ ಕೆಳಗಿಳಿಯುತ್ತದೆ. ಬುಡದ 25 ಅಡಿ ಗಟ್ಟಿ ಇರುವಾಗಲೇ ಕಡಿಯಬೇಕು, ಕಡಿದ ಎರಡು ಮೂರು ವಾರದೊಳಗೆ ಕೊಯ್ದುಬಿಡಬೇಕು. ದಿಮ್ಮಿಯಾಗಿ ನೆಲದ ಮೇಲೆ ಬಿದ್ದಿದ್ದರೆ ಕಪ್ಪು ಬೂಸ್ಟು ಒಳಗೆ ಇಳಿಯುತ್ತದೆ.

ಸಾಮಿಲ್‌ಗೆ ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ ಉತ್ತರ ಎರಡು. ವಿಚಾರಿಸಿದ ಕಡೆ ತೆಂಗು ಬೇಡವೇ ಬೇಡ ಅಂದರು, ಅದರ ನಾರು ಬ್ಲೇಡನ್ನು ತಿಂದುಹಾಕುತ್ತದೆ. ಅದು ನಿಜ, ಮುಂದೆ ಹೇಳುತ್ತೇನೆ. ಇನ್ನೊಂದು, ಬೇವಿನ ದಿಮ್ಮಿಯ ತೂಕ. ಸುತ್ತಳತೆ 6 ಅಡಿ, ಉದ್ದ 9 ಅಡಿ. ಮರದ ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಉದ್ದಕ್ಕೆ ಗುಣಿಸುತ್ತಾರೆ: 18 ಇಂಚು ಇಂಟು 18 ಇಂಚು ಇಂಟು 9 ಅಡಿ, ಭಾಗಿಸು 144, ಅಂದರೆ 20 ಘನ ಅಡಿ ಚಿಲ್ಲರೆ. ಈ ಲೆಕ್ಕದಲ್ಲಿ ಚಕ್ಕೆ, ಮೂಲೆಗಳ ನಷ್ಟ ಮೊದಲೇ ಕಳೆದಿರುತ್ತದೆ, ನಿಜವಾದ ಗಾತ್ರದ ಶೇ. 78ರಷ್ಟು ಮಾತ್ರ ಬರುತ್ತದೆ. ಹಸಿ ಬೇವು ಆ ಗಾತ್ರಕ್ಕೆ ಆರೇಳು ಕ್ವಿಂಟಾಲ್ ತೂಗುತ್ತದೆ. ಹೊಲದ ಬದುವಿನಿಂದ ಅದನ್ನು ಎತ್ತಿ ಟ್ರ್ಯಾಕ್ಟರಿಗೆ ಹಾಕುವುದಕ್ಕಿಂತ ಗರಗಸವನ್ನೇ ಮರದ ಹತ್ತಿರ ಒಯ್ಯುವುದು ಸುಲಭ.

ಕಾಗದಪತ್ರದ ಮಾತು ಇಲ್ಲೇ ಮುಗಿಸುತ್ತೇನೆ. ಸ್ವಂತ ಜಮೀನಿನ ತೆಂಗು ಕಡಿಯಲು ಅನುಮತಿ ಬೇಕಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಸಿಲ್ವರ್ ಓಕ್, ಸುಬಾಬುಲ್ ಜೊತೆ ತೆಂಗೂ ಇದೆ. ಬೇವಿಗೆ ಮಾತ್ರ, ಬಿದ್ದ ಮರವಾದರೂ ಸರಿ, ಪಹಣಿ ಇಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟೆ. ಬಂದು ನೋಡಿ ಅಳೆದುಕೊಂಡು ಹೋದರು, ಕಾಗದ ಕೈಗೆ ಬಂದ ಮೇಲೆ ಕೊಯ್ದೆವು. ಸಾಮಿಲ್ ಇಡಲು ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು. ಅರಣ್ಯ ರಕ್ಷಣೆಯ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶ ಕೊಟ್ಟ ಮೇಲಂತೂ ಆ ವಿಷಯ ಬಹಳ ಬಿಗಿ. ಹಾಗಾಗಿ ಸ್ವಂತ ಮರ, ಸ್ವಂತ ಕೊಟ್ಟಿಗೆಗೆ, ಕೈಮಿಷನ್ನಿನಲ್ಲಿ (ಚೈನ್‌ಸಾ) ಕೊಯ್ಯುತ್ತೇನೆ ಅಂತ ಅದೇ ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿಕೊಂಡು ಬಂದೇ ಮಿಷನ್ನಿಗೆ ಕಟ್ಟುವ ಚೌಕಟ್ಟು ತರಿಸಿದೆ. ನೀವೂ ಕೇಳಿಯೇ ಮುಂದುವರಿಯಿರಿ.

ಈ ಚೌಕಟ್ಟು ದೊಡ್ಡ ಸಂಗತಿಯೇನಲ್ಲ. ಚೈನ್‌ಸಾದ ಚೈನು ಸುತ್ತುವ ಉದ್ದ ಬಾರನ್ನು ಎರಡೂ ಕಡೆ ಹಿಡಿಯುವ ಹಿಡಿಕಟ್ಟು, ಮೇಲೊಂದು ಚಪ್ಪಟೆ ಜಾಡು, ಎತ್ತರ ಏರಿಳಿಸಲು ಎರಡು ಕಂಬಿ. ಮೂರು ಇಂಚಿಗೆ ಬಿಗಿ ಮಾಡಿದರೆ ದಿಮ್ಮಿಯ ಮೇಲ್ಮೈಯಿಂದ ಮೂರು ಇಂಚು ಕೆಳಗೆ ಮಟ್ಟಸವಾಗಿ ಕೊಯ್ಯುತ್ತಾ ಹೋಗುತ್ತದೆ. ಮಿಷನ್ ಮಾತ್ರ ಗಟ್ಟಿ ಇರಬೇಕು. ಟೊಂಗೆ ಸವರುವ ಚಿಕ್ಕ ಮಿಷನ್ ಇದಕ್ಕೆ ಸುಟ್ಟುಹೋಗುತ್ತದೆ. 70 ಸಿಸಿ ಆಸುಪಾಸಿನದು, 24 ಇಂಚಿನ ಬಾರು. ಅಣ್ಣನ ಮಗನ ಹತ್ತಿರ ಅಂಥದ್ದು ಇತ್ತು. ಪೆಟ್ರೋಲ್ ಲೀಟರಿಗೆ 20 ಮಿ.ಲೀ. ಟು-ಸ್ಟ್ರೋಕ್ ಆಯಿಲ್, ಗಂಟೆಗೆ ಒಂದೂವರೆ ಎರಡು ಲೀಟರ್ ಕುಡಿಯುತ್ತದೆ.

ಹೆಚ್ಚಿನವರು ಎಡವುವುದು ಚೈನಿನಲ್ಲಿ. ಅಂಗಡಿಯ ಚೈನು ಮರವನ್ನು ಅಡ್ಡಕ್ಕೆ ತುಂಡರಿಸಲು ಮಾಡಿದ್ದು, ಅದರ ಹಲ್ಲು ಸುಮಾರು 30 ಡಿಗ್ರಿ ಓರೆ. ಉದ್ದಕ್ಕೆ, ನಾರಿನ ಜೊತೆಗೇ ಸೀಳಿಕೊಂಡು ಹೋಗಬೇಕಾದರೆ ಆ ಓರೆಯನ್ನು 10 ಡಿಗ್ರಿಗೆ ತರಬೇಕು. ಹಾಗೆ ಮಾಡಿದ ಚೈನು ಸಿಗುತ್ತದೆ, ಇಲ್ಲವೇ ಅರ ಹಾಕಿ ನಾವೇ ಮಾಡಿಕೊಳ್ಳಬಹುದು. ಹೊಸ ಓರೆಗೆ ಬಂದ ಮೇಲೆ ಮಿಷನ್ನನ್ನು ನೂಕುವ ಶ್ರಮ ಅರ್ಧ ಇಳಿಯಿತು, ಹಲಗೆಯ ಮೈಯೂ ನುಣುಪಾಗಿ ಬಂತು.

ಬೇವಿನಿಂದ ಶುರುಮಾಡಿದೆವು. ಕಂಬಗಳು ಅದರಲ್ಲೇ ಆಗಬೇಕು ಅಂತ ಅಜ್ಜನ ತೀರ್ಮಾನ. ಬೇವಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ದನ ನೆಕ್ಕಿದರೂ ಕಚ್ಚುವುದಿಲ್ಲ, ಕಹಿ. ಆದರೆ ಅದರ ನಾರು ಒಂದಕ್ಕೊಂದು ಹೆಣೆದುಕೊಂಡು ಬೆಳೆದಿರುತ್ತದೆ, ಒಣಗುವಾಗ ತಿರುಚಿಕೊಳ್ಳುತ್ತದೆ. ಅದಕ್ಕೆ ಮದ್ದು, ನಡುತಿರುಳನ್ನು ಯಾವ ಕಂಬದ ಒಳಗೂ ಬಿಡದಿರುವುದು. ಮರ ಒಣಗುವಾಗ ಸುತ್ತಿನ ದಿಕ್ಕಿಗೆ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ತಿರುಳು ಒಳಗೇ ಸಿಕ್ಕಿಕೊಂಡ ಕಂಬ ಎಲ್ಲಾದರೂ ಒಂದು ಕಡೆ ಬಿರಿಯಲೇಬೇಕು. ಹೊಸ ಕಂಬಗಳಲ್ಲಿ ಉದ್ದಕ್ಕೆ ಬೆರಳು ತೂರುವಂಥ ಬಿರುಕು ನೋಡಿರುತ್ತೀರಲ್ಲ, ಕಾರಣ ಇದೇ.

ಅಜ್ಜ ದಿಮ್ಮಿಯ ಕೊಯ್ದ ಮುಖದ ಮೇಲೆ ಇದ್ದಿಲಿನಲ್ಲಿ ಬರೆದರು. ನಡುವೆ 2 ಇಂಚಿನ ಪಟ್ಟಿ, ಅದು ತಿರುಳಿನದು, ಅದನ್ನು ಬೇರೆಯಾಗಿ ತೆಗೆಯುವುದು. ಮೇಲೆ ಎರಡು, ಕೆಳಗೆ ಎರಡು, 7 ಇಂಚಿನ ಚೌಕ ಕಂಬಗಳು. 23 ಇಂಚು ಅಡ್ಡಳತೆಯ ದಿಮ್ಮಿಯಲ್ಲಿ ನಾಲ್ಕು ಕಂಬ ಕೂರುತ್ತವೆ, ಗರಗಸದ ಹಾದಿಗೂ ಜಾಗ ಉಳಿಯುತ್ತದೆ. ಚೈನ್‌ಸಾದ ಹಾದಿ ಅಗಲ, ಒಂದೊಂದು ಕೊಯ್ತಕ್ಕೂ 9 ಮಿ.ಮೀ.ನಷ್ಟು ಮರ ಪುಡಿಯಾಗುತ್ತದೆ. ಸಾಮಿಲ್ಲಿನ ಬ್ಯಾಂಡ್‌ಸಾದಲ್ಲಿ ಇದು ಎರಡು ಮಿ.ಮೀ. ಆಸುಪಾಸು. ಆದ್ದರಿಂದ ತೆಳು ಹಲಗೆ ಇದರಲ್ಲಿ ಕೊಯ್ಯುವುದು ನಷ್ಟ, ದಪ್ಪ ತೊಲೆಗೆ ಮಾತ್ರ ಇದು ಹೊಂದುತ್ತದೆ.

ಮೊದಲ ಕೊಯ್ತವೇ ಮುಖ್ಯ. ದಿಮ್ಮಿ ದುಂಡಗಿರುತ್ತದೆ, ಚೌಕಟ್ಟು ಜಾರಲು ಚಪ್ಪಟೆ ನೆಲೆ ಬೇಕು. ನೇರ ಇರುವ ಎರಡು ಪಟ್ಟಿಗಳನ್ನು ಏಣಿಯ ಹಾಗೆ ಜೋಡಿಸಿ ದಿಮ್ಮಿಯ ಬೆನ್ನಿಗೆ ಸ್ಕ್ರೂ ಹೊಡೆದೆವು. ತಲೆಯ ಕಡೆ ಅಡ್ಡಲಾಗಿ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ತಂದು, ಬುಡದ ಕಡೆಯೂ ಹಾಗೇ ತಂದೆವು. ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಂತರೆ ಮಾತ್ರ ಕೊಯ್ದ ಮೈ ತಿರುಚಿರುವುದಿಲ್ಲ. ಇಲ್ಲಿ ಒಂದು ಗಂಟೆ ಹೋದರೂ ಹೋಗಲಿ. ಈ ಮೊದಲ ಮೈಯೇ ಮುಂದಿನ ಎಲ್ಲ ಕೊಯ್ತಕ್ಕೂ ನೆಲೆ. ಅಣ್ಣನ ಮಗ ಮಿಷನ್ ಹಿಡಿದ, ನಾನು ಹಿಂದಿನಿಂದ ಬೆಣೆ ಹೊಡೆಯುತ್ತಾ ಬಂದೆ. ಬೆಣೆ ಇಲ್ಲದಿದ್ದರೆ ಮೇಲಿನ ಹಲಗೆಯ ಭಾರ ಬಾರಿನ ಮೇಲೆ ಕೂತು ಚೈನು ಕಚ್ಚಿಕೊಳ್ಳುತ್ತದೆ. ಮೇಲಿನ ಚೆಕ್ಕೆ ಬೇರೆಯಾಗಿ ಅದನ್ನು ಹೊರಳಿಸಿದಾಗ ಒಳಗಿನ ಬೇವು ಕಂಡಿತು. ಹೊರಗೆ ಮಾಸಲು ಬಿಳಿ, ಒಳಗೆ ಕೆಂಪು ಕಂದು. ವಾಸನೆ ಇಡೀ ಹೊಲಕ್ಕೆ. ಅಜ್ಜ ಅಂಗೈ ಆಡಿಸಿ, "ಇದು ನಿನ್ ಮೊಮ್ಮಕ್ಳಿಗೂ ಆಗ್ತತೆ ಕಣಪ್ಪ" ಅಂದರು.

ಬುಡದ ದಿಮ್ಮಿಯಲ್ಲಿ ನಾಲ್ಕು ಕಂಬ ಸಿಕ್ಕವು. ಮೇಲಿನದು ಡೊಂಕು, ಅದರಲ್ಲಿ ಎರಡೇ. ಬೇಕಾದದ್ದು ಎಂಟು. ಮಳೆ ಬಂದು ಬಡಿಯುವ ಪಡುವಣ ಮೂಲೆಗಳಿಗೆ ಎರಡು ಕಲ್ಲುಕಂಬ ನಿಲ್ಲಿಸೋಣ ಅಂತ ಅಜ್ಜನೇ ಹೇಳಿದರು. ಕಲ್ಲಿಗೆ ನಮ್ಮ ದುರ್ಗದ ಜಿಲ್ಲೆಯಲ್ಲಿ ಬರವೇ? ಹಳೇ ದನದ ಮನೆಯದ್ದೇ ಎರಡು ಕಂಬ ಇದ್ದವು.

ಇನ್ನು ತೆಂಗು. ಬೇರೆ ಮರ ಕೊಯ್ದವರ ಅನುಭವ ಇಲ್ಲಿ ತಲೆಕೆಳಗಾಗುತ್ತದೆ. ಬೇರೆ ಮರಗಳಲ್ಲಿ ಒಳಗಿನದು ಗಟ್ಟಿಯಾದ ಚೇಗು, ಹೊರಗಿನದು ಬಿಳಿ ಮೆತ್ತನೆಯದು. ತೆಂಗಿಗೆ ಚೇಗೂ ಇಲ್ಲ, ವರ್ಷದ ಉಂಗುರಗಳೂ ಇಲ್ಲ, ಕೊಂಬೆ ಇಲ್ಲದ್ದರಿಂದ ಗಂಟೂ ಇಲ್ಲ. ನಾರಿನ ಕಟ್ಟುಗಳು ಹೊರಗಡೆ ಒತ್ತೊತ್ತಾಗಿರುತ್ತವೆ, ನಡುವೆ ವಿರಳ. ಕೊಯ್ದ ಮುಖ ನೋಡಿದರೆ ಅಂಚಿನಲ್ಲಿ ಕಪ್ಪು ಚುಕ್ಕೆಗಳು ದಟ್ಟವಾಗಿ, ಒಳಗೆ ಹೋಗುತ್ತಾ ಚದುರಿ, ನಡುವಿನಲ್ಲಿ ತೆಳು ಹಳದಿ. ಉಗುರಿನಿಂದ ಒತ್ತಿದರೆ ನಡುಭಾಗ ತಗ್ಗುತ್ತದೆ, ಅಂಚಿಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಒಂದೇ ಮರದಲ್ಲಿ ಅಂಚಿನ ಭಾಗ ನಡುವಿನದಕ್ಕಿಂತ ಎರಡರಷ್ಟು ತೂಗುತ್ತದೆ. ಬುಡದಿಂದ ಮೇಲಕ್ಕೆ ಹೋದಂತೆಯೂ ಹಗುರವಾಗುತ್ತಾ ಹೋಗುತ್ತದೆ. ಎಳೇ ಮರದಲ್ಲಿ ಈ ಗಟ್ಟಿ ಭಾಗ ಇನ್ನೂ ಕೂಡಿರುವುದಿಲ್ಲ, ವಯಸ್ಸಾದ ಮರವೇ ಬೇಕು.

ಇದನ್ನು ತಿಳಿದುಕೊಂಡು ಕೊಯ್ಯುವುದರಲ್ಲೇ ಎಲ್ಲ ಇರುವುದು. 12 ಇಂಚು ಅಡ್ಡಳತೆಯ ದಿಮ್ಮಿ ಅಂತಿಟ್ಟುಕೊಳ್ಳಿ. ಸರಿಯಾಗಿ ನಡುವಿನಿಂದ, ಅಂಚಿನಿಂದ ಅಂಚಿಗೆ, 3 ಇಂಚು ದಪ್ಪದ ಒಂದೇ ಹಲಗೆ ತೆಗೆದೆವು. ಅದನ್ನು ಮಲಗಿಸದೆ ನಿಲ್ಲಿಸಿದರೆ ಮೇಲಂಚೂ ಗಟ್ಟಿ, ಕೆಳಂಚೂ ಗಟ್ಟಿ, ಮೆತ್ತನೆಯದು ನಡುವೆ. ಭಾರ ಬಿದ್ದ ತೊಲೆಯಲ್ಲಿ ಮೇಲಂಚು ಅದುಮಿಕೊಳ್ಳುತ್ತದೆ, ಕೆಳಂಚು ಎಳೆದುಕೊಳ್ಳುತ್ತದೆ, ನಡುವಿಗೆ ಆ ಎರಡೂ ಕಡಿಮೆ. ಕಬ್ಬಿಣದ ಐ ಬೀಮಿನಲ್ಲಿ ಮೇಲೂ ಕೆಳಗೂ ದಪ್ಪ ಇಟ್ಟು ನಡುವೆ ತೆಳು ಮಾಡುವುದು ಇದೇ ಲೆಕ್ಕಕ್ಕೆ. ತೆಂಗು ಆ ಲೆಕ್ಕವನ್ನು ತಾನೇ ಬೆಳೆದು ಕೊಡುತ್ತದೆ. ಸಾಮಿಲ್ಲಿನಲ್ಲಿ ಎಲ್ಲ ಮರದ ಹಾಗೆ ಚೌಕ ಮಾಡಿ ಕೊಯ್ದಿದ್ದರೆ ಹೊರಗಿನ ಗಟ್ಟಿ ಭಾಗವೆಲ್ಲ ಚೆಕ್ಕೆಯಾಗಿ ಒಲೆಗೆ ಹೋಗಿ, ನಮ್ಮ ಕೈಗೆ ಮೆತ್ತನೆ ತಿರುಳು ಬರುತ್ತಿತ್ತು. ತೆಂಗಿನ ಮರ ತಾಳುವುದಿಲ್ಲ ಅನ್ನುವ ಮಾತು ಹಬ್ಬಿರುವುದು ಬಹುಮಟ್ಟಿಗೆ ಹೀಗೆ ಕೊಯ್ಯುವುದರಿಂದ ಅಂತ ನನಗೆ ಅನಿಸುತ್ತದೆ.

ನಡುಹಲಗೆ ತೆಗೆದ ಮೇಲೆ ಎರಡೂ ಬದಿ ಉಳಿದದ್ದರಲ್ಲಿ 2 ಇಂಚು ದಪ್ಪದ ಒಂದೊಂದು ಹಲಗೆ, ಅದನ್ನು ಉದ್ದಕ್ಕೆ ಸೀಳಿದರೆ 2 ಇಂಟು 4ರ ಎರಡೆರಡು ಜಂತೆ. ಒಂದು ದಿಮ್ಮಿಗೆ ಒಂದು ತೊಲೆ, ನಾಲ್ಕು ಜಂತೆ. ಈ ಜಂತೆಗಳಿಗೆ ಒಂದು ಅಂಚು ಗಟ್ಟಿ, ಇನ್ನೊಂದು ಸ್ವಲ್ಪ ಮೆದು. ಗಟ್ಟಿ ಅಂಚಿಗೆ ಅಲ್ಲೇ ಗೇರುಕೆಂಪಿನ ಗುರುತು ಹಾಕಿಸಿದರು ಅಜ್ಜ. ಚಾವಣಿಗೆ ಏರಿಸುವಾಗ ಗುರುತು ಕೆಳಗೆ ಬರಬೇಕು. ಮೇಲಿನ ಮೆದು ಅಂಚಿಗೆ ರೀಪು ಕೂರಿಸುವುದು ಸಲೀಸು. ಆದರೆ ಬರೀ ಮೊಳೆ ಅಲ್ಲಿ ಹಿಡಿದು ನಿಲ್ಲುವುದಿಲ್ಲ, ಸ್ಕ್ರೂ ಹಾಕಬೇಕು.

ತೆಂಗು ಕೊಯ್ಯುವಾಗ ಚೈನು ಮೊಂಡಾಗುವ ವೇಗ ನೋಡಿ ಹುಡುಗ ಬೆರಗಾದ. ಆ ನಾರಿನಲ್ಲಿ ಮರಳಿನ ಅಂಶ, ಸಿಲಿಕಾ ಇರುತ್ತದೆ. ಬೇವಿನಲ್ಲಿ ಉದ್ದಕ್ಕೆ ಮೂರು ನಾಲ್ಕು ಕೊಯ್ತ ತಾಳುವ ಹಲ್ಲು ತೆಂಗಿನಲ್ಲಿ ಒಂದಕ್ಕೇ ಸೋಲುತ್ತದೆ. ಪುಡಿ ನೋಡಿದರೆ ಗೊತ್ತಾಗುತ್ತದೆ. ಹಲ್ಲು ಹರಿತ ಇದ್ದರೆ ಪುಡಿ ತರಿತರಿ, ಬೆರಳಿನಲ್ಲಿ ತಿಕ್ಕಿದರೆ ಎಳೆ ಸಿಗುತ್ತದೆ. ಮೊಂಡಾದರೆ ನುಣ್ಣಗೆ, ಕೈಗೆ ಅಂಟುವಂತೆ ಬೀಳುತ್ತದೆ. ನುಣ್ಣಗಾದ ಕೂಡಲೇ ನಿಲ್ಲಿಸಬೇಕು. ಒತ್ತಿ ನೂಕಿದರೆ ಬಾರು ಕಾದು, ಕೊಯ್ತ ಓಲಾಡಿ, ಮಿಷನ್ನಿಗೇ ಪೆಟ್ಟು. ಕುಕ್ಕರುಗಾಲಿನಲ್ಲಿ ಕೂತು 5.2 ಮಿ.ಮೀ. ದುಂಡು ಅರದಲ್ಲಿ ಒಂದೊಂದು ಹಲ್ಲಿಗೂ ಮೂರು ಎಳೆತ, ಒಂದೇ ದಿಕ್ಕಿಗೆ, ಒಂದೇ ಓರೆ. ಎಡಗಡೆ ಹಲ್ಲುಗಳಿಗೆ ಎರಡು, ಬಲಗಡೆಗೆ ನಾಲ್ಕು ಅಂತ ಎಳೆದರೆ ಕೊಯ್ತ ಒಂದು ಪಕ್ಕಕ್ಕೆ ವಾಲುತ್ತದೆ. ಕೊಯ್ಯುವ ಮೊದಲು ದಿಮ್ಮಿಯ ಮೈಯಲ್ಲಿ ಅಂಟಿದ ಮಣ್ಣು, ಸಿಪ್ಪೆಯನ್ನು ಕುಡುಗೋಲಿನಿಂದ ಹೆರೆದು ತೆಗೆದೆವು, ಅದರಿಂದಲೂ ಹಲ್ಲು ಹೆಚ್ಚು ಹೊತ್ತು ಬಾಳಿತು.

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಯಾರನ್ನೂ ಮಿಷನ್ ಹತ್ತಿರ ಬಿಡಲಿಲ್ಲ. ಪಂಚೆ, ಟವೆಲ್ಲು ದೂರ. ಬಗ್ಗಿಕೊಂಡು ಬಹಳ ಹೊತ್ತು ಕೊಯ್ಯುವುದರಿಂದ ಹೊಗೆ ನೇರ ಮುಖಕ್ಕೆ ಬರುತ್ತದೆ. ಗಾಳಿ ಬೀಸುವ ದಿಕ್ಕು ನೋಡಿ, ಹೊಗೆ ನಮ್ಮಿಂದ ಆಚೆ ಹೋಗುವಂತೆ ದಿಮ್ಮಿ ತಿರುಗಿಸಿಟ್ಟುಕೊಂಡೆವು. ತಲೆ ಭಾರ ಅನಿಸಿದರೆ ಅಂದಿನ ಕೆಲಸ ಅಷ್ಟಕ್ಕೇ.

ಒಣಗಿಸಿದ್ದು ಮಾವಿನ ತೋಪಿನ ನೆರಳಲ್ಲಿ. ನೆಲದಿಂದ ಒಂದೂವರೆ ಅಡಿ ಮೇಲೆ ಕಲ್ಲಿಟ್ಟು, ಪ್ರತಿ ಸಾಲಿನ ನಡುವೆ ಅಡಿಕೆ ದಬ್ಬೆಯ ಸೀಳುಗಳನ್ನು ಒಂದೂವರೆ ಅಡಿಗೊಂದರಂತೆ ಅಡ್ಡ ಇಟ್ಟೆವು. ಮೇಲಿನ ಸಾಲಿನ ಸೀಳು ಕೆಳಗಿನದರ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಯಲೆಯಾಗುತ್ತದೆ. ತುದಿಗಳಿಗೆ ಸಗಣಿ ಬಳಿದೆವು. ತುದಿಯಿಂದ ನೀರು ಬೇಗ ಹಾರಿಹೋಗಿ ಬಿರುಕು ಶುರುವಾಗುವುದೇ ಅಲ್ಲಿಂದ. ಮೇಲೆ ಹಳೇ ತಗಡು, ತಗಡಿನ ಮೇಲೆ ಕಲ್ಲಿನ ಭಾರ. ತೆಂಗಿನ ಜಂತೆಗಳನ್ನು ಹಸಿಯಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಬಿಸಿನೀರಿನಲ್ಲಿ ಕರಗಿಸಿ ಅದರಲ್ಲಿ ಅದ್ದಿ ಇಟ್ಟಿದ್ದೆವು. ಹಸಿ ಮರದಲ್ಲಿ ಆ ಉಪ್ಪು ತಾನೇ ಒಳಗೆ ಇಳಿಯುತ್ತದೆ, ಹುಳು ಬೀಳುವುದಿಲ್ಲ. ಮಳೆಗೆ ತೊಳೆದುಹೋಗುವ ಔಷಧಿ ಅದು, ಚಾವಣಿಯ ಅಡಿಯಲ್ಲಿ ಮಾತ್ರ ಉಪಯೋಗ.

ಒಣಗಿತೋ ಇಲ್ಲವೋ ಅಂತ ತಿಳಿಯಲು ಮೀಟರ್ ಬರುತ್ತದೆ. ನಮ್ಮ ಹತ್ತಿರ ಕೊಬ್ಬರಿ ತೂಗುವ ತಕ್ಕಡಿ ಇತ್ತು. ಒಂದು ತುಂಡಿಗೆ ಗುರುತು ಹಾಕಿ ಆಗಾಗ ತೂಗುತ್ತಾ ಗೋಡೆಯ ಮೇಲೆ ಬರೆದೆವು. ಹಸಿಯಲ್ಲಿ ಹನ್ನೊಂದು ಕೆಜಿ ಮೇಲಿದ್ದದ್ದು ಇಳಿಯುತ್ತಾ ಇಳಿಯುತ್ತಾ ಏಳರ ಹತ್ತಿರ ಬಂದು ನಿಂತಿತು. ಮುಂದಿನ ಸಲ ತೂಗಿದಾಗಲೂ ಅಷ್ಟೇ. ನಮ್ಮ ಕಡೆಯ ಒಣ ಹವೆ ಮತ್ತು ಗಾಳಿ, ಬೆಳೆಗೆ ಶತ್ರುವಾದರೂ, ಮರ ಒಣಗಿಸಲು ಬಹಳ ಒಳ್ಳೆಯದು. ಮಲೆನಾಡಿನಲ್ಲಿ ಇಷ್ಟು ಬೇಗ ಆಗುತ್ತಿರಲಿಲ್ಲ. ಬೇವಿನ ಕಂಬ ದಪ್ಪದ್ದು, ಒಳಗೆ ಇನ್ನೂ ಹಸಿ ಇತ್ತು, ಆದರೆ ಕಂಬಕ್ಕೆ ಅದು ತೊಡಕಲ್ಲ, ನಿಂತಲ್ಲೇ ಒಣಗುತ್ತದೆ.

2025ರ ಬೇಸಿಗೆಯಲ್ಲಿ ಕಟ್ಟಲು ಹಿಡಿದೆವು. ಉದ್ದ 30 ಅಡಿ, ಅಗಲ 15, ಹತ್ತು ಹತ್ತು ಅಡಿಯ ಮೂರು ಅಂಕಣ. ಯಾವ ಮರವನ್ನೂ ನೆಲಕ್ಕೆ ಮುಟ್ಟಿಸಲಿಲ್ಲ, ತೆಂಗನ್ನಂತೂ ಮಣ್ಣಿಗೆ ತಾಗಿಸಿದರೆ ಕೆಲವೇ ವರ್ಷಕ್ಕೆ ಕುಂಬು. ಕಲ್ಲಿನ ಪಾದಕ್ಕೆ ತೂತು ಕೊರೆದು ಕಬ್ಬಿಣದ ಸಲಾಕಿ ನಿಲ್ಲಿಸಿ, ಅದರ ಮೇಲೆ ಬೇವಿನ ಕಂಬ ಕೂರಿಸಿದೆವು. ಗಂಜಲ, ಸಗಣಿ ನೀರು ಕಲ್ಲಿಗೆ ತಾಗಿ ಹಾಗೇ ಚರಂಡಿಗೆ ಹೋಗುತ್ತದೆ. ಕಂಬದ ತಲೆಗೆ ಕಚ್ಚು ಹೊಡೆದು ತೆಂಗಿನ ತೊಲೆ ನಿಲ್ಲಿಸುವಾಗ ಅಜ್ಜ ಒಂದು ಮಾತು ಬಿಡದೆ ಹೇಳುತ್ತಿದ್ದರು: "ಬೋಲ್ಟು ಅಂಚಿನ ಗಟ್ಟೀಲೇ ಬರ್ಲಿ, ನಡ್ವೆ ಕೊರೀಬ್ಯಾಡ್ರಿ." ನಡುವಿನ ಮೆತ್ತನೆ ಭಾಗದಲ್ಲಿ ಬೋಲ್ಟು ಬಿಗಿದಷ್ಟೂ ಒಳಕ್ಕೇ ಹೋಗುತ್ತದೆ. ಎಲ್ಲಕ್ಕೂ ಅಗಲ ವಾಷರು ಹಾಕಿದೆವು.

ಕಂಬಕ್ಕೆ ಹಳೇ ಎಂಜಿನ್ ಆಯಿಲ್ ಬಳಿಯಿರಿ ಅಂತ ಸುಮಾರು ಜನ ಹೇಳಿದರು, ನಮ್ಮ ಕಡೆ ಅದು ರೂಢಿ. ಕೊಟ್ಟಿಗೆಗೆ ಅದು ಬೇಡವೇ ಬೇಡ. ಎಂಜಿನ್ನಿನ ಸವೆದ ಲೋಹವೆಲ್ಲ ಅದರಲ್ಲಿರುತ್ತದೆ, ಕರುಗಳು ಕಂಬ ನೆಕ್ಕದೆ ಬಿಡುವುದಿಲ್ಲ. ಹೊಂಗೆ ಎಣ್ಣೆ ಬಿಸಿಮಾಡಿ ಎರಡು ಕೈ ಹಚ್ಚಿದೆವು.

ಚಾವಣಿಗೆ ಮಂಗಳೂರು ಹೆಂಚು, ಒಂದು ಹಳೇ ಕಟ್ಟಡ ಕೆಡವಿದಾಗ ಕೊಂಡದ್ದು. 30 ಡಿಗ್ರಿ ಇಳಿಜಾರು, ಎರಡಡಿಗೊಂದು ಜಂತೆ. ರೀಪುಗಳನ್ನು ಮಾತ್ರ ಚೈನ್‌ಸಾದಲ್ಲಿ ಸೀಳಲಿಲ್ಲ. ಮೊದಲೇ ಹೇಳಿದ ಹಾಗೆ ಅರ್ಧ ಮರ ಪುಡಿಗೇ ಹೋಗುತ್ತದೆ. ಆಚಾರಜ್ಜನ ಮಗನ ಹತ್ತಿರ ಚಿಕ್ಕ ಕೈ ಸರ್ಕ್ಯುಲರ್ ಗರಗಸ ಇತ್ತು, ಒಣಗಿದ ಹಲಗೆಗಳನ್ನು ಅದರಲ್ಲಿ ಸೀಳಿಕೊಟ್ಟ.

ಹೆಂಚಿನ ಬಗ್ಗೆ ನಮಗಿದ್ದ ಒಂದೇ ಅಂಜಿಕೆ ಆಷಾಢದ ಗಾಳಿ. ಜೋಗಿಮಟ್ಟಿಯಿಂದ ಹಿಡಿದು ನಮ್ಮ ಗುಡ್ಡಗಳವರೆಗೂ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಇಲ್ಲಿ ಬೀಸುವ ಗಾಳಿ ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ. ಅಂಚಿನ ಎರಡು ಸಾಲು ಮತ್ತು ನೆತ್ತಿಯ ಹೆಂಚುಗಳನ್ನು ತಾಮ್ರದ ತಂತಿಯಲ್ಲಿ ರೀಪಿಗೆ ಕಟ್ಟಿದೆವು. ಜಂತೆಗಳನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ ಕಬ್ಬಿಣದ ಪಟ್ಟಿಯಲ್ಲಿ ಹಿಡಿಸಿದೆವು, ಗಾಳಿ ಚಾವಣಿಯನ್ನು ಒತ್ತುವುದಕ್ಕಿಂತ ಎತ್ತುವುದೇ ಹೆಚ್ಚು. ಆ ಜುಲೈನಲ್ಲಿ ಬೀಸಿದ್ದಕ್ಕೆ ಒಂದು ಹೆಂಚೂ ಜರುಗಲಿಲ್ಲ. ಒಳಗೆ ಮಧ್ಯಾಹ್ನವೂ ತಂಪು, ಎಮ್ಮೆಗಳು ಮಲಗಿ ಮೆಲುಕು ಹಾಕುತ್ತವೆ. ಹಾಲು ಹಳೇ ಅಳತೆಗೆ ಬಂದಿದೆ.

ದುಡ್ಡಿನ ಲೆಕ್ಕ ಕೇಳುವವರಿಗೆ ಹೇಳುತ್ತೇನೆ: ಮರಕ್ಕೆ ಒಂದು ರೂಪಾಯಿ ಕೊಡಲಿಲ್ಲ, ಆದರೆ ಚೌಕಟ್ಟು, ಚೈನು, ಪೆಟ್ರೋಲ್, ಬೋಲ್ಟು, ಅಜ್ಜನ ಮತ್ತು ಮಗನ ಕೂಲಿ ಎಲ್ಲ ಸೇರಿದರೆ ಕಬ್ಬಿಣದ ಪೈಪು, ತಗಡಿನ ಶೆಡ್ಡಿಗಿಂತ ಬಹಳ ಕಡಿಮೆಯೇನೂ ಆಗಲಿಲ್ಲ. ಬರೀ ಉಳಿತಾಯಕ್ಕೆ ಅಂತ ಇದಕ್ಕೆ ಕೈ ಹಾಕಬೇಡಿ. ಅದೇ ದುಡ್ಡಿಗೆ ತಂಪಾದ, ಗಟ್ಟಿ ಕೊಟ್ಟಿಗೆ ಸಿಕ್ಕಿತು. ಸೌದೆಗೆ ಹೋಗಬೇಕಿದ್ದ ಅಪ್ಪನ ಮರಗಳು ಮನೆಯಲ್ಲೇ ಉಳಿದವು. ನನಗೆ ಅದು ದೊಡ್ಡದು.

ಕಡಿದ ಮರಗಳ ತಲೆಭಾಗ, ಮೆತ್ತನೆ ಚೆಕ್ಕೆಗಳ ವಿಷಯ ಮರೆಯಬೇಡಿ. ಅವನ್ನು ತೋಟದಲ್ಲೇ ಬಿಟ್ಟರೆ ಕೊಳೆತ ತೆಂಗಿನಲ್ಲಿ ಕೊಂಬಿನ ದುಂಬಿ ಮೊಟ್ಟೆ ಇಟ್ಟು, ಬದುಕಿರುವ ಮರಗಳ ಸುಳಿಗೆ ಬರುತ್ತದೆ. ನಾವು ತಲೆಭಾಗಗಳನ್ನು ಸೀಳಿ ಬಿಸಿಲಿಗೆ ಒಣಹಾಕಿ ಬೆಲ್ಲದ ಆಲೆಮನೆಗೆ ಕಳಿಸಿದೆವು. ಬುಡಗಳನ್ನು ಜೆಸಿಬಿಯಲ್ಲಿ ಕಿತ್ತು ಸುಟ್ಟೆವು. ಬೇವಿನ ತಿರುಳಿನ ಪಟ್ಟಿಗಳು ಕರುಗಳ ಕಟಕಟೆಗೆ ಆದವು. ಪಕ್ಕದ ತೋಟದ ಅಣ್ಣನಿಗೂ ಒಣಗಿದ ಸಾಲೊಂದಿದೆ, ವ್ಯಾಪಾರಿಗೆ ಕೊಟ್ಟಿದ್ದ ಮಾತನ್ನು ವಾಪಸು ತಗೊಂಡು ನಮ್ಮ ಚೌಕಟ್ಟು ಕೇಳಲು ಬಂದಿದ್ದ. ತಗೊಂಡು ಹೋಗಣ್ಣ, ಚೈನು ಮಾತ್ರ ಹೊಸದು ತಂದುಕೋ, ಅಜ್ಜನ್ನ ಕರಕೊಂಡು ಹೋಗಿ ಮೊದಲು ಮರ ಬಡಿಸು ಅಂತ ಹೇಳಿ ಕೊಟ್ಟು ಕಳಿಸಿದ್ದೇನೆ.